ರಾಜನ ಕುದುರೆ ನಡೆ

ನನ್ನ ಮಗಳು ಚೆಸ್ ಬಿಟ್ಟು ಎರಡು ವರ್ಷ ದಾಟಿತು. ಬಿಡಿಸಿದವನು ನಾನೇ. ನನ್ನ ಅಪ್ಪನಿಗೂ ಅವಳಿಗೂ ನಡುವೆ ಇದ್ದದ್ದು ಅದೊಂದು ಆಟ, ಅದನ್ನೂ ಕೆಡಿಸಿದವನು ನಾನೇ. ಚೆಸ್‌ನಿಂದ ಮಕ್ಕಳಿಗೆ ಏನೇನು ಲಾಭ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಮೇಷ್ಟ್ರು ನಾನು, ಅದಕ್ಕೇ ಇದನ್ನು ಬರೆಯುವುದು ನಾಚಿಕೆಯ ಕೆಲಸ.

ಮಾನ್ವಿಯ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶನಿವಾರದ ಕೊನೆಯ ಪೀರಿಯಡ್ ಚೆಸ್‌ಗೆ ಮೀಸಲು. ಲಾಭವೇನೂ ಸುಳ್ಳಲ್ಲ, ಕಣ್ಣಾರೆ ಕಂಡಿದ್ದೇನೆ. ಲೆಕ್ಕ ಪೂರ್ತಿ ಓದುವ ಮೊದಲೇ ಉತ್ತರ ಗೀಚಿ ಓಡಿ ಬರುತ್ತಿದ್ದ ಮಕ್ಕಳು ಈಗ ಪೆನ್ಸಿಲ್ ಕಚ್ಚಿಕೊಂಡು ಒಂದು ನಿಮಿಷ ಕೂರುತ್ತಾರೆ. ಹಾಜರಿ ಕರೆದರೂ ಬಾಯಿ ಬಿಡದ ಹುಡುಗಿಯೊಬ್ಬಳು ಒಂದು ದಿನ ಪಕ್ಕದ ತರಗತಿಗೂ ಕೇಳುವಂತೆ "ಶಹ!" ಎಂದು ಕೂಗಿ ಎದುರಾಳಿಯ ರಾಜನಿಗೆ ಚೆಕ್ ಕೊಟ್ಟಳು. ಪಾಲಕರ ಸಭೆಯಲ್ಲಿ ನಾನು ಇದನ್ನೆಲ್ಲ ಹೇಳಿ ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ: "ಇದ್ರಾಗ ದೊಡ್ಡ ಪಾಠ ಅಂದ್ರ ಸೋಲೋದು ನೋಡ್ರಿ. ಸೋತು, ಕೈ ಕುಲುಕಿ, ನಗಕೋತ ಏಳೋದು ಕಲೀತಾವ್ರೀ ಮಕ್ಳು." ಜನ ತಲೆದೂಗುತ್ತಿದ್ದರು. ನಾನು ಉಬ್ಬುತ್ತಿದ್ದೆ.

ನನಗೆ ಆಟ ಕಲಿಸಿದ್ದು ಅಪ್ಪ. ದೇವದುರ್ಗದಲ್ಲಿ ಗಾರೆ ಕೆಲಸದ ಮೇಸ್ತ್ರಿಯಾಗಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಅಲ್ಲೇ ನನ್ನ ಅಣ್ಣನ ಮನೆಯಲ್ಲಿ, ಅಣ್ಣನ ಮಕ್ಕಳ ಗದ್ದಲದ ನಡುವೆ ಇದ್ದ. ಹರೆಯದಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬ ಮುದುಕ ದರ್ಜಿಯ ಅಂಗಡಿಯ ಮುಂದೆ ಕೂತು ಕಲಿತ ಆಟ ಅವನದು, ನಮ್ಮ ಕಡೆಯ ಹಳೆಯ ಪದ್ಧತಿಯದು. ಅದರಲ್ಲಿ ಪ್ಯಾದೆ, ಅಂದರೆ ಕಾಲಾಳು, ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ರಾಜನಿಗೆ ಇನ್ನೂ ಶಹ ಬಿದ್ದಿಲ್ಲವೆಂದರೆ ಆಟಕ್ಕೊಂದು ಸಲ ಕುದುರೆಯ ಹಾಗೆ ಹಾರುವ ಹಕ್ಕಿದೆ. "ಅವನೂ ರಾಜಾ ಅದಾನಪ್ಪಾ, ಒಮ್ಮ್ಯರ ಹಾರಾಕ ಬಿಡು" ಎನ್ನುತ್ತಿದ್ದ ಅಪ್ಪ.

ಸ್ಪರ್ಧೆಗಳಲ್ಲಿ ಇದು ನಡೆಯುವುದಿಲ್ಲ. ಮಗಳಿಗೆ ನಾನು ಪುಸ್ತಕದ ನಿಯಮವನ್ನೇ ಕಲಿಸಿದೆ. ಆದರೆ ರಜೆಗೆ ದೇವದುರ್ಗಕ್ಕೆ ಹೋದಾಗ ಅವಳು ತಾತನ ಆಟ ಆಡುತ್ತಿದ್ದಳು. ನನ್ನ ಎದುರು ಕೂತಾಗ ಬಿಗಿದುಕೊಂಡಿರುತ್ತಿದ್ದ ಮುಖ ಅಲ್ಲಿ ಅರಳುತ್ತಿತ್ತು. ಅಪ್ಪನ ರಾಜ ಹಾರಿದಾಗಲೆಲ್ಲ ಇಬ್ಬರೂ ಒಟ್ಟಿಗೆ "ಹೋಯ್" ಎನ್ನುತ್ತಿದ್ದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ದಸರಾ ರಜೆಯ ಹತ್ತು ದಿನ ಅವರಿಬ್ಬರೂ ಬಿಡದೆ ಆಡಿದರು. ರಜೆ ಮುಗಿದ ವಾರವೇ ರಾಯಚೂರಿನಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ. ಹನ್ನೊಂದು ವರ್ಷದ ನನ್ನ ಮಗಳು ಕೊನೆಯ ಸುತ್ತಿನವರೆಗೂ ಸೋಲಲಿಲ್ಲ. ಅದನ್ನೂ ಗೆದ್ದರೆ ರಾಜ್ಯ ಮಟ್ಟಕ್ಕೆ. ಪಾಲಕರನ್ನು ಹಗ್ಗದ ಆಚೆ ನಿಲ್ಲಿಸಿದ್ದರು. ಅಲ್ಲಿಂದಲೇ ಅವಳ ಹಲಗೆ ನನಗೆ ಕಾಣುತ್ತಿತ್ತು, ಆಟ ಅವಳ ಕೈಯಲ್ಲಿತ್ತು. ಎದುರಾಳಿಯ ಕಾಯಿಗಳು ಒತ್ತಿಕೊಂಡು ಬಂದಾಗ ಅವಳು ತುಸು ಗಾಬರಿಯಾದಳು. ರಾಜನನ್ನು ಎತ್ತಿದಳು, ಕುದುರೆಯ ಹಾಗೆ ಹಾರಿಸಿ ಇಟ್ಟಳು.

ಎದುರಿನ ಹುಡುಗಿ ಕೈ ಎತ್ತಿದಳು. ತೀರ್ಪುಗಾರರು ಬಂದು ರಾಜನನ್ನು ಹಿಂದಿನ ಮನೆಗೆ ಇಟ್ಟರು. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ರಾಜನಿಗೆ ಉಳಿದದ್ದು ಒಂದೇ ಮನೆ. ಅಲ್ಲಿಗೆ ಹೋದ ಮೇಲೆ ಮೂರು ನಡೆಯಲ್ಲಿ ಆಟ ಮುಗಿಯಿತು. ನನ್ನ ಮಗಳು ಎದ್ದು ನಿಂತು ಕೈ ಕುಲುಕಿದಳು, ನಕ್ಕಳು ಕೂಡ. ನಾನು ಸಭೆಗಳಲ್ಲಿ ಹೇಳುತ್ತಿದ್ದುದನ್ನೆಲ್ಲ ಅವಳು ಮಾಡಿ ತೋರಿಸಿದಳು. ಸೋಲಲು ಬಾರದವನು ನಾನು.

ಸ್ಪರ್ಧೆ ಮುಗಿಸಿ ದೇವದುರ್ಗಕ್ಕೆ ಬರುತ್ತೇವೆಂದು ಮೊದಲೇ ಹೇಳಿದ್ದೆ. ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. "ಏನಾತು ಯವ್ವಾ?" ಎಂದು ಮೊಮ್ಮಗಳನ್ನು ಕೇಳಿದ. ಅವಳು ಬಾಯಿ ತೆರೆಯುವ ಮೊದಲು ನಾನು ಸಿಡಿದೆ.

"ಏನಾಗ್ತದ? ನಿನ್ನ ಹಾಳ ಆಟ ಆಕಿನ್ನ ಕೆಡಿಸ್ತು. ತುಂಬಿದ ಜನದಾಗ ರಾಜಾನ್ನ ಹಾರಿಸ್ಯಾಳ. ಯಪ್ಪಾ, ಕೈ ಮುಗಿತೀನಿ, ಇನ್ ಮ್ಯಾಲ ನನ್ನ ಮಗಳಿಗಿ ಏನೂ ಕಲಿಸಬ್ಯಾಡ."

ಅಣ್ಣ, ಅತ್ತಿಗೆ, ಅವರ ಮಕ್ಕಳು ಎಲ್ಲ ಅಲ್ಲೇ ಇದ್ದರು. ನನ್ನನ್ನು ಓದಿಸಲು ಬಿಸಿಲಲ್ಲಿ ಗೋಡೆ ಕಟ್ಟಿದ ಮನುಷ್ಯ ನನ್ನ ಮುಖ ನೋಡಲಿಲ್ಲ. "ತಪ್ಪಾತು ಬಿಡಪ್ಪಾ" ಅಂದ. ಮಗಳು ಅಳುತ್ತಾ ಅವನ ಕೈ ಹಿಡಿದುಕೊಂಡಳು. ನಾನು ಅವಳನ್ನು ಎಳೆದುಕೊಂಡು ಮುಂದಿನ ಬಸ್ಸಿಗೇ ಮಾನ್ವಿಗೆ ಬಂದೆ.

ಆಮೇಲೆ ಅವಳು ಚೆಸ್ ಮುಟ್ಟಲಿಲ್ಲ. ಓದಿನ ಒತ್ತಡ ಎಂದು ಹೆಂಡತಿಗೆ ಹೇಳಿದೆ, ನನಗೂ ಅದನ್ನೇ ಹೇಳಿಕೊಂಡೆ.

ಮರುವರ್ಷ ಯುಗಾದಿ ಮುಗಿದ ವಾರ ಅಪ್ಪ ಒಬ್ಬನೇ ಬಸ್ಸು ಹತ್ತಿ ಮಾನ್ವಿಗೆ ಬಂದ. ಕೈಚೀಲದಲ್ಲಿ ಪ್ಲಾಸ್ಟಿಕ್ಕಿನ ಹೊಸ ಚೆಸ್ ಸೆಟ್. ಅಣ್ಣನ ಓಣಿಯಲ್ಲಿ ನಿವೃತ್ತರಾದ ಪೋಸ್ಟ್ ಮಾಸ್ಟರ್ ಒಬ್ಬರಿದ್ದಾರೆ. ನಾಲ್ಕು ತಿಂಗಳು ದಿನಾ ಅವರ ಮನೆಗೆ ಕುಂಟುತ್ತಾ ಹೋಗಿ ಎಪ್ಪತ್ನಾಲ್ಕರ ವಯಸ್ಸಿನಲ್ಲಿ ಅಪ್ಪ ಪುಸ್ತಕದ ನಿಯಮ ಕಲಿತಿದ್ದ. ನೆಲದ ಮೇಲೆ ಕಾಯಿ ಜೋಡಿಸಿ ಮೊಮ್ಮಗಳನ್ನು ಕರೆದ.

"ಬಾ ಯವ್ವಾ. ಪ್ಯಾದಿ ಎರಡು ಮನಿ ನಡಸೋದು ಬರ್ತದ ನನಗ. ರಾಜಾನ್ನ ಹಾರಸಂಗಿಲ್ಲ. ತಪ್ಪಿದ್ರ ನೀನ ಹೇಳು."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನಾ ಆಡಂಗಿಲ್ಲ ತಾತಾ" ಅಂದು ಒಳಗೆ ಹೋದಳು. ಅಪ್ಪ ಒಂದೊಂದೇ ಕಾಯಿಯನ್ನು ಡಬ್ಬಿಗೆ ಹಾಕಿದ. ಊಟ ಮಾಡಿ ಹೋಗೆಂದರೂ ಕೇಳಲಿಲ್ಲ.

ಅವನನ್ನು ಬಸ್ಸಿಗೆ ಹತ್ತಿಸಿ ಬಂದು ಮಗಳನ್ನು ತರಾಟೆಗೆ ತೆಗೆದುಕೊಂಡೆ. ಆ ಮುದುಕ ಅಷ್ಟು ದೂರದಿಂದ ಬಂದರೆ ಹೀಗಾ ಮಾಡುವುದು? ಅವಳು ನಿಧಾನವಾಗಿ ಹೇಳಿದಳು:

"ನಾ ತಾತನ ಕೂಡ ಆಡಿ, ಮತ್ತ ಎಲ್ಲ್ಯರ ಸೋತ್ರ, ನೀ ತಾತಗ ಬೈತಿ. ನಾ ಆಟಾನ ಆಡದಿದ್ರ ನಿನಗ ಬೈಯಾಕ ಏನೂ ಇರಂಗಿಲ್ಲಲ್ಲ."

ಅವಳ ಮುಂದೆ ನಿಲ್ಲಲಾಗದೆ ಅಂಗಳಕ್ಕೆ ಬಂದುಬಿಟ್ಟೆ. ನನ್ನ ಮಗಳು ನನ್ನಿಂದ ತಾತನನ್ನು ಕಾಯುತ್ತಿದ್ದಳು. ಅದಕ್ಕಾಗಿ ತನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಬಿಟ್ಟಿದ್ದಳು, ಒಂದು ಮಾತೂ ಆಡದೆ.

ಇದನ್ನು ಅಪ್ಪನಿಗೆ ಹೇಳಬೇಕಿತ್ತು. ಹೇಳಿದರೆ ತಪ್ಪು ನನ್ನದೆಂದು ಒಪ್ಪಬೇಕಾಗುತ್ತಿತ್ತು. ಇವತ್ತು, ನಾಳೆ ಎಂದು ಮುಂದೂಡಿದೆ. ಅಪ್ಪ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಶ್ರಾವಣದ ಒಂದು ಸೋಮವಾರ ಅವನ ಉಸಿರು ನಿಂತಿತು. ಅದರ ಹಿಂದಿನ ಗುರುವಾರ ಮಾಡಿದ್ದೇ ಕೊನೆಯ ಫೋನ್.

"ಆಕಿಗಿ ಇನ್ನಾ ನನ್ನ ಮ್ಯಾಲ ಸಿಟ್ಟು ಅದ ಏನಪ್ಪಾ?" ಎಂದು ಕೇಳಿದ.

"ಹಂಗೇನಿಲ್ಲ ಯಪ್ಪಾ, ಪರೀಕ್ಷಿಗಿ ಓದಾಕತ್ತಾಳ" ಅಂದೆ.