ಕೈಗುಣ ಮತ್ತು ಕಂತು

ಫಿಜಿಯೊಥೆರಪಿ ಓದಲು ನಾನು ಮಾಡಿದ ಸಾಲ ಎಷ್ಟು ಎಂದು ಇಂಗಳೇಶ್ವರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಓದಿದ್ದು ಏನು ಎಂದು ಕೇಳಿದರೆ ಮಾತ್ರ ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಅವರ ಪ್ರಕಾರ ನಾನು ದೂರದ ಊರಿಗೆ ಹೋಗಿ, ಬ್ಯಾಂಕಿನ ದುಡ್ಡು ಸುರಿದು, ನಮ್ಮ ಆಯಿಯ ವಿದ್ಯೆಯನ್ನೇ ಕಲಿತು ಬಂದವಳು.

ಆಯಿ ಎಂದರೆ ಅಪ್ಪನ ತಾಯಿ. ಉಳುಕು ತೆಗೆಯುವುದರಲ್ಲಿ ಸುತ್ತಲ ಊರುಗಳಿಗೆಲ್ಲ ಹೆಸರಾದವಳು. ಕುಂಟುತ್ತ ಬಂದವರು ಅವಳ ಔಡಲೆಣ್ಣೆಯ ಕೈ ಬಿದ್ದ ಮೇಲೆ ನೆಟ್ಟಗೆ ನಡೆದು ಹೋಗುತ್ತಿದ್ದರು. ಯಾರಿಂದಲೂ ಅವಳು ಒಂದು ಪೈಸೆ ಮುಟ್ಟಿದವಳಲ್ಲ. ನೋವು ತೆಗೆದು ರೊಕ್ಕ ಮುಟ್ಟಿದರೆ ಕೈಗುಣ ಹೋಗುತ್ತದೆ ಎಂಬುದು ಅವಳ ನಂಬಿಕೆ. ಗುಣವಾದವರು ಒಂದು ಕಾಯಿ ತಂದರೆ ದೇವರ ಮುಂದೆ ಒಡೆಯುತ್ತಿದ್ದಳು, ಅಲ್ಲಿಗೆ ಲೆಕ್ಕ ಚುಕ್ತಾ.

ನನ್ನ ಲೆಕ್ಕ ಅಷ್ಟು ಸಲೀಸಾಗಿ ಚುಕ್ತಾ ಆಗುವಂಥದ್ದಲ್ಲ. ಡಿಗ್ರಿ ಮುಗಿದ ಮೇಲೆ ವಿಜಯಪುರದ ಒಂದು ಆಸ್ಪತ್ರೆಯವರು ಕೆಲಸ ಕೊಡಲು ಒಪ್ಪಿದರು. ಅಪ್ಪ ಹೈಸ್ಕೂಲು ಮಾಸ್ತರ, ಸಾಲಕ್ಕೆ ಜಾಮೀನು ಬಿದ್ದವನು. ರೂಮಿನ ಬಾಡಿಗೆ, ಮೆಸ್ಸು, ಬಸ್ಸು ಎಲ್ಲ ಕಳೆದು ನೋಡಿದ. ಉಳಿದದ್ದು ಕಂತಿನ ಅರ್ಧಕ್ಕೂ ಸಾಲಲಿಲ್ಲ. ಇದಕ್ಕಿಂತ ನಾವೇ ತಿಂಗಳು ತಿಂಗಳು ಆಸ್ಪತ್ರೆಗೆ ಪಗಾರ ಕೊಟ್ಟರೆ ಅಗ್ಗವಾಗುತ್ತದೆ ಎಂದ. ಪುಣೆಯ ಆಸ್ಪತ್ರೆಗಳಲ್ಲಿ ಪಗಾರ ಚೆನ್ನಾಗಿತ್ತು. ಆದರೆ ನನಗೆ ಪುಣೆಗೆ ಹೋಗಲು ಸುತರಾಂ ಮನಸ್ಸಿರಲಿಲ್ಲ. ಸೊಂಟ ಹಿಡಿದುಕೊಂಡೇ ಜೋಳ ಕೊಯ್ಯುವ ಜನ ಇಲ್ಲಿದ್ದಾರೆ, ನಾನು ಅಲ್ಲಿ ಹೋಗಿ ಯಾರ ಸೊಂಟ ನೋಡಲಿ? ಕೊನೆಗೆ ಬಸವನ ಬಾಗೇವಾಡಿಯಲ್ಲಿ ಒಂದು ಮಳಿಗೆ ಹಿಡಿದು ಕ್ಲಿನಿಕ್ ಇಟ್ಟೆ. ಯುಗಾದಿಯೊಳಗೆ ಕ್ಲಿನಿಕ್ಕಿನ ದುಡಿಮೆಯಿಂದ ಕಂತು ಕಟ್ಟಬೇಕು, ಆಗದಿದ್ದರೆ ಸುಮ್ಮನೆ ಪುಣೆಯ ಬಸ್ಸು ಹತ್ತಬೇಕು. ಇದು ನನಗೂ ಅಪ್ಪನಿಗೂ ಆದ ಕರಾರು.

ಜನ ಬಂದರು, ತಂಡೋಪತಂಡವಾಗಿ ಬಂದರು. ‘ಫೀ ಇನ್ನೂರು ರೂಪಾಯಿ’ ಎಂದು ಗೋಡೆಗೆ ದೊಡ್ಡದಾಗಿ ಬರೆಸಿ ಹಾಕಿದ್ದೆ. ಎಲ್ಲರೂ ಅದನ್ನು ಓದಿ, ಇದು ಪರವೂರಿನವರಿಗೆ ಇರಬೇಕು ಎಂದುಕೊಂಡರು. ಆಯಿಯ ಮೊಮ್ಮಗಳಿಗೆ ರೊಕ್ಕ ಕೊಟ್ಟು ಅವಳ ಕೈಗುಣ ಕೆಡಿಸಿದ ಪಾಪ ತಮಗೇಕೆ ಎಂದು ಅವರ ವಿಚಾರ. ಹಾಗೆಂದು ಬರಿಗೈಯಲ್ಲೂ ಹೋಗುವ ಜನರಲ್ಲ. ಕಾಯಿ ತಂದರು. ಇಂಡಿ ಕಡೆಯವರು ಲಿಂಬೆಹಣ್ಣು ತಂದರು. ಚಡಚಣದಿಂದ ಬಂದ ಒಬ್ಬರು ಬುಟ್ಟಿ ತುಂಬ ದ್ರಾಕ್ಷಿ ಇಟ್ಟು, ಕೈಮುಗಿದು, ಹರಸಿ ಹೋದರು. ಶೇಂಗಾ ಹಿಂಡಿಯೇ ಚಟ್ನಿಯಾಗಿದ್ದ ನಮ್ಮ ಮನೆಯಲ್ಲಿ ಮೂರು ಹೊತ್ತೂ ಕೊಬ್ಬರಿ ಚಟ್ನಿಯಾಯಿತು. ನನಗೆ ಕಾಯಿ ಕಂಡರೆ ಮೈ ಉರಿಯತೊಡಗಿತು. ಬಾಯಿ ಬಿಟ್ಟು ಕೇಳಲು ಹೋದರೆ ಆಯಿಯ ಮುಖ ಕಣ್ಮುಂದೆ ಬರುತ್ತಿತ್ತು. ಕೇಳಿದೆ ಎಂದು ಅವಳಿಗೆ ಗೊತ್ತಾದರೆ ಆ ದಿನ ಮನೆಯಲ್ಲಿ ನನಗೆ ರೊಟ್ಟಿ ಇಲ್ಲ.

ಎರಡು ಕಂತು ತಪ್ಪಿದವು. ಮೊಬೈಲಿಗೆ ಬಂದ ಸಂದೇಶಗಳಿಗೆ ನಾನು ಉತ್ತರ ಕೊಡದ್ದರಿಂದ ಬ್ಯಾಂಕಿನ ಸಾಹೇಬರೇ ಒಂದು ರವಿವಾರ ಬೈಕಿನ ಮೇಲೆ ಮನೆಗೆ ಬಂದರು. ಸಿಂದಗಿ ಕಡೆಯ ಮನುಷ್ಯ, ಮಾತು ಮೆತ್ತಗೆ. ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ನನ್ನ ಬಾಕಿಯ ವಿಷಯ ಎತ್ತಿದರು. ಹೇಳಿ ಮುಗಿಸಿ ಏಳಲು ಹೋದರೆ ಏಳಲಾಗಲಿಲ್ಲ. ನಮ್ಮೂರ ರಸ್ತೆ ಅವರ ಸೊಂಟವನ್ನು ಅಲ್ಲೇ ಹಿಡಿದು ಕೂರಿಸಿತ್ತು.

ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಆಯಿ ನನ್ನ ಕಡೆ ಕಣ್ಣು ಕೆಕ್ಕರಿಸಿದಳು. ಜಮಖಾನ ಹಾಸಿ ಅವರನ್ನು ಮಲಗಿಸಿ, ಓದಿದ್ದನ್ನೆಲ್ಲ ಅವರ ಬೆನ್ನಿನ ಮೇಲೆ ಖರ್ಚು ಮಾಡಿದೆ. ಸುಮಾರು ಹೊತ್ತಿನ ಮೇಲೆ ಸಾಹೇಬರು ಎದ್ದು ನಿಂತು, ಅತ್ತ ಇತ್ತ ವಾಲಿ ನೋಡಿ ನಕ್ಕರು. ಅವರಿಗೂ ನಮ್ಮ ಕಡೆಯ ರೀತಿ ಗೊತ್ತು. ನಾಳೆ ಕಾಯಿ ಕಳಿಸಿಕೊಡುವೆನೆಂದು ಆಯಿಗೆ ಕೈಮುಗಿದರು.

“ಕಾಯಿ ಬ್ಯಾಡಪ್ಪಾ,” ಅಂದಳು ಆಯಿ. “ಒಂದು ಕಂತು ಬಿಟ್ಟಬಿಡು.”

ಸಾಹೇಬರು ನಿಜಕ್ಕೂ ಸಂಕಟಪಟ್ಟರು. “ಅದು ನನ್ನ ಕೈಯಾಗ ಇಲ್ರಿ ಆಯಿ. ಬ್ಯಾಂಕಿನಾಗ ಕಾಯಿ, ಕೈಗುಣ ಏನೂ ನಡಿಯೂದಿಲ್ರಿ. ರೊಕ್ಕನ ಬೇಕು.”

ಆಯಿ ಒಮ್ಮೆ ನನ್ನ ಕೈ ನೋಡಿದಳು, ಒಮ್ಮೆ ತನ್ನ ಕೈ ನೋಡಿಕೊಂಡಳು.

“ನನ್ನ ಕೈ ದೇವ್ರು ಕೊಟ್ಟದ್ದು, ಅದಕ್ಕ ದೇವ್ರಿಗೆ ಕಾಯಿ,” ಅಂದಳು. “ಈಕೀ ಕೈ ನಿಮ್ಮ ಬ್ಯಾಂಕ್ ಕೊಟ್ಟದ್ದು. ಇಡು ಇನ್ನೂರು.”

ಸಾಹೇಬರು ತೆಪ್ಪಗೆ ಕಿಸೆಗೆ ಕೈ ಹಾಕಿದರು. ಅವರು ಚಾಚಿದ ನೋಟು ತೆಗೆದುಕೊಳ್ಳಲು ನನಗೆ ಕೈ ಬರಲಿಲ್ಲ. ಆಯಿಯೇ ಮುಂದೆ ಬಂದು ನೋಟು ಇಸಿದುಕೊಂಡು ನನ್ನ ಅಂಗೈಯಲ್ಲಿ ತುರುಕಿದಳು.

ಮರುದಿನ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ ಆಯಿ ಬಂದು ಕಾಯುತ್ತಿದ್ದಳು. ವರ್ಷಗಳಿಂದ ಅವಳಿಗೆ ಮೊಣಕಾಲು ನೋವು. ನನ್ನನ್ನು ಎಂದೂ ಮುಟ್ಟಗೊಟ್ಟಿರಲಿಲ್ಲ. ಈಗ ತಾನಾಗಿ ಕಾಲು ಚಾಚಿ ಮಲಗಿ, ಸೊಂಟದ ಸಂಚಿಯಿಂದ ಇನ್ನೂರು ತೆಗೆದು ಮೊದಲೇ ಮೇಜಿನ ಮೇಲಿಟ್ಟಳು. ಬೇಡವೆಂದರೆ ಬೈದಳು. ಫೀ ಕೊಡದಿದ್ದರೆ ಕೈಗುಣದ ಪರೀಕ್ಷೆ ಹೇಗಾದೀತು ಎಂದು ಅವಳ ವಾದ. ನೋವು ಒಂದೇ ದಿನಕ್ಕೆ ಹೋಗುವುದಿಲ್ಲ ಎಂದು ತಿಳಿಹೇಳಿದೆ. ಹೋಗುವ ತನಕ ಬರುತ್ತೇನೆ ಎಂದಳು, ಬಂದಳು. ಬೆಂಚಿನ ಮೇಲೆ ಕೂತವರೆಲ್ಲರಿಗೂ ಕಾಣುವ ಹಾಗೆ ದಿನಾ ರೊಕ್ಕ ಎಣಿಸಿಟ್ಟಳು. ನಾನು ದೇವರನ್ನು ನೆನೆಯುತ್ತ ವ್ಯಾಯಾಮ ಮಾಡಿಸಿದೆ. ಪರೀಕ್ಷಾ ಹಾಲಿನಲ್ಲೂ ಅಷ್ಟು ಹೆದರಿರಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಅವಳು ಎಲ್ಲರೆದುರು ನೆಲಕ್ಕೆ ಕೂತು, ಯಾವುದನ್ನೂ ಹಿಡಿಯದೆ ಎದ್ದಳು.

“ಹೋಗಿಲ್ಲ ಬಿಡ್ರಿ, ಈಕೀ ಕೈಗುಣ ಐತಿ,” ಎಂದು ಬೆಂಚಿನ ಕಡೆ ತಿರುಗಿದಳು. “ಇನ್ನ ಕಾಯಿ ತಂದವರ ಕಾಲು ಮುರೀತೇನಿ. ಆಮ್ಯಾಲೆ ಇಲ್ಲೇ ಇನ್ನೂರು ಕೊಟ್ಟು ನೆಟ್ಟಗ ಮಾಡಿಸ್ಕೋರಿ.”

ಯುಗಾದಿಗೆ ಮೊದಲು ಒಂದು ಕಂತು ಕಟ್ಟಿದೆ, ಆಮೇಲೆ ಬಾಕಿಯನ್ನೂ. ಅಪ್ಪ ಪುಣೆಯ ಮಾತು ಬಿಟ್ಟ.

ಆಮೇಲೆ ಒಂದು ದಿನ, ಮುದ್ದೇಬಿಹಾಳದಿಂದ ಬಂದ ಹೆಂಗಸೊಬ್ಬಳು ಉಳುಕಿದ ಕೈ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದಳು. ಆಯಿ ಅವಳನ್ನು ಮುಟ್ಟದೆ ನನ್ನ ಕಡೆ ಕಳಿಸಿದಳು. ಯೋಚಿಸಿ ನೋಡಿದರೆ ಆ ರವಿವಾರದಿಂದೀಚೆಗೆ ಅವಳು ಯಾರ ಉಳುಕನ್ನೂ ತೆಗೆದಿರಲಿಲ್ಲ. ಯಾಕೆ ಎಂದು ಕೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಆವತ್ತ ಆ ಸಾಹೇಬನ ರೊಕ್ಕ ನಾ ಮುಟ್ಟಿದ್ನಲ್ಲವಾ, ನನ್ನ ಕೈಗುಣ ಅವಾಗ ಹೋತು. ನಿಂದಾದ್ರೂ ಉಳದೈತೋ ಇಲ್ಲೋ ನೋಡಬೇಕಿತ್ತು.”