ಮಾಸ್ತರರ ಅಳತೆಯ ದಾರ

ಬಾಗಲಕೋಟೆಯ ದನದ ದವಾಖಾನೆಗೆ ಚಿತ್ರ ಬರೆಯುತ್ತಿದ್ದ ಡ್ರಾಯಿಂಗ್ ಮಾಸ್ತರರ ಕಿವಿಯ ಮೇಲೆ ಸದಾ ಒಂದು ದಾರ ತೂಗುತ್ತಿತ್ತು. ಎಲುಬಿರಲಿ, ಎಲೆಯಿರಲಿ, ಅದರಿಂದ ಅಳೆಯದೆ ಗೆರೆ ಎಳೆಯುತ್ತಿರಲಿಲ್ಲ. “ಕಣ್ಣು ಸುಳ್ಳ ಹೇಳತಾವ, ದಾರ ಹೇಳೂದಿಲ್ಲ” ಎನ್ನುವರು.

ಒಮ್ಮೆ ಎತ್ತಿನ ಹಿಂಗಾಲಿನ ಚಿತ್ರವನ್ನು, ಲಾಳ ಹೊಡೆಯುವ ನನಗೆ ತೋರಿಸಲು ತಂದರು. ಹದಿನೈದು ದಿನದ ಕೆಲಸ; ಮರುದಿನವೇ ದವಾಖಾನೆಯ ದೊಡ್ಡ ಸಾಹೇಬರು ಅದನ್ನು ನೋಡುವವರಿದ್ದರು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು, ಆದರೆ ಗೊರಸಿನ ಮಾತಿಗೆ ಸುಮ್ಮನಿರುವವನಲ್ಲ.

“ಮಾಸ್ತರ, ಒಂದ ಹೋಳು ಅಳದು ಗೊರಸಿನ ಎರಡೂ ಹೋಳು ಸಮ ಬರದೀರಲ್ರಿ. ಹಿಂಗಾಲಿಗೆ ಹೊರಗಿನದು ದೊಡ್ಡದಿರತೈತಿ.”

ಲಾಳಕ್ಕೆಂದು ನಾನು ನೆಲಕ್ಕೆ ಕೆಡವಿ ಕಾಲಿಗೆ ಹಗ್ಗ ಕಟ್ಟಿದ್ದ ಎತ್ತಿನ ಗೊರಸಿಗೆ ಅವರು ದಾರ ಹಿಡಿದರು. ಒಳಹೋಳಿನ ಅಳತೆ ಹೊರಗಿನದಕ್ಕೆ ಸಾಲಲಿಲ್ಲ. ಚಿತ್ರ ಹರಿದರು.

“ನಾಳಿ ಸಾಹೇಬರು ಬರ್ತಾರಲ್ರೀ?” ಎಂದೆ.

“ಬರ್ಲಿ. ನೀವು ಎತ್ತಿನ ಹಗ್ಗ ಬಿಚ್ಚಬ್ಯಾಡ್ರಿ” ಎನ್ನುತ್ತ ಹೊಸ ಹಾಳೆ ಹಾಸಿದರು.