ದೊಡ್ಡಮ್ಮನ ಬಾಯಲ್ಲಿ ಬೈಸಿಕೊಂಡವರು

ನಮ್ಮ ದೊಡ್ಡಮ್ಮನ ಮುಂದಿನ ಎರಡು ಹಲ್ಲುಗಳ ನಡುವೆ ಊದುಬತ್ತಿ ಕಡ್ಡಿ ತೂರುವಷ್ಟು ಸಂದಿತ್ತು. ಹಾಡು ಕಟ್ಟುವ ಮೊದಲು ಆ ಸಂದಿಯಲ್ಲಿ ಎಲೆಅಡಿಕೆಗೆ ಕೆಂಪಾದ ನಾಲಿಗೆಯ ತುದಿ ಇಣುಕುತ್ತಿತ್ತು. ಕಣ್ಣು ಎದುರಿಗೆ ಕೂತ ಗಂಡಿನ ಕಡೆಯವರ ಮೇಲೆ ಹರಿದಾಡುತ್ತಿತ್ತು. ಯಾರ ಹೊಟ್ಟೆ ದಪ್ಪ, ಯಾರ ಪಂಚೆ ಗಿಡ್ಡ, ಯಾರು ನೀರು ಕುಡಿಯುವುದಕ್ಕೂ ಹೆಂಡತಿಯ ಮುಖ ನೋಡುತ್ತಾರೆ, ಎಲ್ಲ ಅಷ್ಟರಲ್ಲೇ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ನಾಲಿಗೆ ಒಳಗೆ ಹೋಯಿತು ಅಂದರೆ ಹಾಡು ಹೊರಗೆ ಬಂತು ಅಂತಲೇ ಅರ್ಥ. ಬಲ್ಲ ಬೀಗರು ಟವಲು ಸರಿಮಾಡಿಕೊಂಡು, ಮೀಸೆ ನೀವಿಕೊಂಡು, ಬೈಸಿಕೊಳ್ಳಲು ತಯಾರಾಗಿ ಕೂರುತ್ತಿದ್ದರು.

ದೊಡ್ಡಮ್ಮ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಐ.ಡಿ.ಹಳ್ಳಿ ಪಕ್ಕದ ನಮ್ಮೂರಲ್ಲಿ ಎರಡು ಸಂಸಾರವೂ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುತ್ತಿದ್ದ ಕಾಲ ಅದು. ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಹಂಗಿಸುವುದು ನಮ್ಮ ಸೀಮೆಯಲ್ಲೆಲ್ಲ ಇದ್ದದ್ದೇ. ಆದರೆ ಮಿಕ್ಕವರು ಅಜ್ಜಿಯಿಂದ ಕಲಿತದ್ದನ್ನೇ ಎಲ್ಲ ಮದುವೆಯಲ್ಲೂ ಒಪ್ಪಿಸುತ್ತಿದ್ದರು. ದೊಡ್ಡಮ್ಮ ಹಾಗಲ್ಲ. ಬೀಗರ ಮುಖ ನೋಡಿಯೇ ಅವಳ ಹಾಡು ಹುಟ್ಟಬೇಕು. ಒಂದು ಮದುವೆಯಲ್ಲಿ ಹಾಡಿದ್ದನ್ನು ಇನ್ನೊಂದರಲ್ಲಿ ಹಾಡುವುದು ಎಂಜಲೆಲೆಯಲ್ಲಿ ಬಡಿಸಿದ ಹಾಗೆ ಅವಳಿಗೆ. "ಒಬ್ರ ಬೈಗುಳನ ಇನ್ನೊಬ್ರಿಗೆ ಹಾಕ್ಬಾರ್ದು ಕಣೇ, ಅದು ಅವ್ರ ಸೊತ್ತು" ಅನ್ನುತ್ತಿದ್ದಳು.

ಆ ಸೊತ್ತಿನ ಬೆಲೆ ನನಗೆ ಪೂರ್ತಿ ತಿಳಿದದ್ದು ಅವಳ ತಿಥಿಯ ದಿನ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂತ ನಾಲ್ಕು ತಾಲ್ಲೂಕಿನ ಬೀಗರೂ ಬಸ್ಸು ಹತ್ತಿ, ಗಾಡಿ ಕಟ್ಟಿ ಬಂದಿದ್ದರು. ಊಟವಾದ ಮೇಲೆ ಹುಣಸೆಮರದ ಕೆಳಗೆ ಚಾಪೆ ಹಾಸಿಕೊಂಡು ಗಂಡಸರು ಶುರು ಹಚ್ಚಿಕೊಂಡರು. ದೊಡ್ಡಮ್ಮ ಹಾಡಿದ್ದರಲ್ಲಿ ಯಾವುದು ಮೇಲು? ಯಾವ ಚಪ್ಪರದಲ್ಲಿ ಅವಳ ಗಂಟಲು ಚೆನ್ನಾಗಿ ತೆರೆದಿತ್ತು?

"ಯಾವ್ದು ಮೇಲು ಅಂತ ಕೇಳೋದೇ ಬ್ಯಾಡ ಕಣ್ರಪ್ಪ, ನಮ್ದೇ" ಅಂತ ಕೊರಟಗೆರೆಯ ಬೀಗರು ಎದೆಯುಬ್ಬಿಸಿಕೊಂಡು ಹಾಡಿಯೇ ಬಿಟ್ಟರು:

ಕೊರಟಗೆರೆ ಬೀಗರು ಕೋಳಿಗಿಂತ ಮೊದಲೆದ್ದು
ಎಲೆ ಹಾಸೋ ಮುಂಚೆ ಕುಂತಾರೆ — ಕುಂತೋರ
ಎಬ್ಬಿಸೋಕೆ ಎತ್ತು ಕಟ್ಟೀರೋ

"ಅದೇನ್ ಮಹಾ! ಹೊಟ್ಟೆಬಾಕ ಅಂತ ಯಾರ್ನ ಬೇಕಾದ್ರೂ ಬೈಬೌದು" ಅಂದರು ಶಿರಾದ ಬೀಗರು. ಅವರು ಮಗನ ಮದುವೆಯಲ್ಲಿ ಚಪ್ಪರದೊಳಗೂ ಕೊಡೆ ಮಡಿಸದೆ ಕೂತಿದ್ದ ಮಹಾನುಭಾವರು. ತಲೆಯ ರುಮಾಲು ತೆಗೆದು, ಬೋಳು ತಲೆಯನ್ನು ಎಲ್ಲರಿಗೂ ಕಾಣುವಂತೆ ಸವರಿಕೊಂಡು, ತಮ್ಮದನ್ನು ಹಾಡಿದರು:

ಶಿರಾದ ಬೀಗಪ್ಪಗೆ ಚಪ್ಪರದಾಗೆ ಕೊಡೆಯೇಕೆ
ಬೋಳ್ತಲೆ ಹೊಳೆದು ಹೆಂಗಸರು — ಸಾಲಾಗಿ
ಕನ್ನಡಿ ಅಂತ ಹಣಿಕ್ಯಾರು

ನಕ್ಕೂ ನಕ್ಕೂ ಒಬ್ಬರ ಮೇಲೆ ಒಬ್ಬರು ಬಿದ್ದರು. ತಿಥಿಯ ಮನೆ ಅನ್ನುವುದೂ ಮರೆತುಹೋಯಿತು. ಆಮೇಲೆ ಎಲ್ಲರೂ ಶಿರಾದ ಬಳೆ ಸಾಬರ ಕಡೆ ತಿರುಗಿದರು. ನಮ್ಮ ಕಡೆಯ ಮದುವೆಗಳಿಗೆಲ್ಲ ಬಳೆ ತೊಡಿಸಲು ಬರುತ್ತಿದ್ದವರು ಅವರೇ.

"ಅರೆ, ನೀವೆಲ್ಲಾ ಒಂದೊಂದು ಮದ್ವೆ ಕೇಳ್ದೋರು. ನಾನು ಎಲ್ಲಾ ಚಪ್ಪರದಲ್ಲೂ ಕೂತು ಕೇಳ್ದೋನು" ಅಂದರು ಸಾಬರು, ಗಡ್ಡ ನೀವಿಕೊಳ್ಳುತ್ತಾ.

"ಅಂಗಾದ್ರೆ ನೀವೇ ತೀರ್ಮಾನ ಹೇಳಿ."

"ಹೇಳಂಗಿಲ್ಲಪ್ಪಾ! ಒಬ್ರದು ಮೇಲು ಅಂದ್ರೆ ಮಿಕ್ಕಿದೋರ ಮನೇಲಿ ನನ್ ಬಳೆ ಓಡಲ್ಲ."

ಕಳ್ಳಂಬೆಳ್ಳದ ಬೀಗರೊಬ್ಬರು ಮಾತ್ರ ಅತ್ತ ಮುಖ ಮಾಡಿ ಕೂತಿದ್ದರು. ಅವರ ಮನೆಯಲ್ಲಿ ಮದುವೆಯ ಹಿಂದಿನ ತಿಂಗಳು ಒಂದು ಸಾವಾಗಿತ್ತು. ನೊಂದವರನ್ನು ಹಂಗಿಸಬಾರದು ಅಂತ ದೊಡ್ಡಮ್ಮ ಅವರ ಮೇಲೆ ಒಂದು ಸಾಲನ್ನೂ ಕಟ್ಟಿರಲಿಲ್ಲ. ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಅವರು ವರ್ಷವಿಡೀ ನಮ್ಮನೆ ಹೊಸಿಲು ತುಳಿದಿರಲಿಲ್ಲ. "ನಾವು ಬೈಸ್ಕೊಳ್ಳೋಕೂ ಲಾಯಕ್ಕಿಲ್ವಾ ಸ್ವಾಮಿ?" ಅಂತ ಅವತ್ತೂ ಕೇಳಿದರು.

ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ನನಗೆ ಹೆಮ್ಮೆಯಿಂದ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಜೊತೆಗೇ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ಇಷ್ಟೆಲ್ಲ ಹೊಗಳುವ ಈ ಜನರ ನಡುವೆಯೇ ಆ ಬಾಯಿ ಕೆಲವು ವರ್ಷ ಮುಚ್ಚಿಹೋಗಿತ್ತು. ಅಲ್ಲಿಗೇ ಮುಗಿದೂ ಹೋಗುತ್ತಿತ್ತು.

ದೊಡ್ಡಪ್ಪ ತೀರಿಕೊಂಡಾಗ ನಾನಿನ್ನೂ ಲಂಗದ ಹುಡುಗಿ. ಆಮೇಲೆ ನಡೆದ ಮೊದಲ ಮದುವೆಯಲ್ಲಿ ದೊಡ್ಡಮ್ಮ ಅಭ್ಯಾಸದಂತೆ ಹಸೆಯ ಮುಂದೆ ಬಂದು ಕೂತಳು. ನಮ್ಮಮ್ಮನೇ ಹೋಗಿ ಕಿವಿಯಲ್ಲಿ ಹೇಳಿದ್ದು: "ಅಕ್ಕಾ, ನೀನು ಒಳಗಿರು. ಹೆಣ್ಣುಮಗಿನ ಕೆಲ್ಸ, ಯಾಕೆ ಸುಮ್ಕೆ." ಅಮ್ಮ ಕೆಟ್ಟವಳಲ್ಲ. ಗಂಡನಿಲ್ಲದವಳು ಹಸೆಯ ಮುಂದೆ ಹಾಡಿದರೆ ಮದುಮಗಳಿಗೆ ಕೇಡು ಅಂತ ಅವಳಿಗೆ ನಿಜವಾಗಿ ಭಯವಿತ್ತು. ದೊಡ್ಡಮ್ಮ ಎದ್ದು ಹೋಗಿ ಅಡುಗೆಮನೆಯ ಒರಳಿನ ಮುಂದೆ ಕೂತಳು. ಅಲ್ಲಿಂದ ಮುಂದೆ ನಮ್ಮ ಮದುವೆಗಳೆಲ್ಲ ಮೂಗಿ ಮದುವೆಗಳಾದವು. ಬೀಗರು ಬಂದರು, ಉಂಡರು, ಹೋದರು. ಒಳಗೆ ಮಾತ್ರ ಖಾರ ಅರೆಯುತ್ತಾ ದೊಡ್ಡಮ್ಮ ತುಟಿ ಕುಣಿಸುತ್ತಿದ್ದಳು. ಯಾರಾದರೂ ಬಂದರೆ ಗಪ್ಪನೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಹೀಗಿರುವಾಗ ನನ್ನ ಮದುವೆ ಬಂತು. ಗಂಡು ಪಾವಗಡದ ಕಡೆಯವರು. ಧಾರೆಯಾಯಿತು, ಬೀಗರ ಪಂಕ್ತಿ ಕೂತಿತು. ನಮ್ಮ ಕಡೆಯ ಹೆಂಗಸರು ಏನೋ ಹಳೇ ಹಾಡು ಗೊಣಗಿದರು. ನನ್ನ ಅತ್ತೆ ಎಲೆಯ ಮುಂದೆ ಕೈ ಕಟ್ಟಿ ಕೂತುಬಿಟ್ಟರು. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಜೋರು.

"ಏಮಮ್ಮಾ, ಆಯಮ್ಮ ಎಲ್ಲಿ? ಬೀಗರನ್ನ ಬೈದು ಹಾಡೋ ಆಯಮ್ಮ?"

"ಅವ್ರು ಈಗ ಹಾಡಾಕಿಲ್ಲ ಕಣಮ್ಮ. ನಮ್ ಭಾವ ತೀರ್ಕೊಂಡ್ರು" ಅಂದಳು ಅಮ್ಮ.

"ತೀರ್ಕೊಂಡಿದ್ದು ನಿಮ್ ಭಾವ ತಾನೆ? ಆಯಮ್ಮನ ಬಾಯೇನೂ ತೀರ್ಕೊಂಡಿಲ್ವಲ್ಲ! ಬೈಸ್ಕೊಂಡು ಬತ್ತೀನಿ ಅಂತ ಊರೆಲ್ಲಾ ಹೇಳಿ ಬಂದಿವ್ನಿ ನಾನು. ನಮ್ಮನ್ನ ಬೈಯ್ದೆ ಕಳಿಸ್ತೀರಾ? ಎಲೆ ಮುಟ್ಟಾಕಿಲ್ಲ, ಹೋಗಮ್ಮ."

ನಾನು ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿದ್ದೆ. ಬೀಗಿತ್ತಿ ಉಣ್ಣದೆ ಎದ್ದರೆ ನನ್ನ ಬಾಳು ಏನಾಗಬೇಕು? ಅಪ್ಪ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ನಿಂತಲ್ಲೇ ನಿಂತ. ಅಷ್ಟರಲ್ಲಿ ಅತ್ತೆಯೇ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಟ್ಟಗೆ ಅಡುಗೆಮನೆ ಬಾಗಿಲಿಗೆ ಹೋದರು.

"ಬ್ಯಾಡ ಕಣಮ್ಮ" ಅಂತ ಒಳಗಿಂದ ದೊಡ್ಡಮ್ಮನ ದನಿ ಕೇಳಿತು. "ನಾಳೆ ಮಗಿಗೆ ತಲೆನೋವು ಬಂದ್ರೂ ನನ್ ಹಾಡಿಗೇ ಕಟ್ತಾರೆ. ನನ್ ಆಸೆ ಅತ್ಲಾಗಿರ್ಲಿ, ಮಗು ಚೆನ್ನಾಗಿರ್ಲಿ."

"ಬರೋದು ನನ್ ಮನೇಗೆ. ತಲೆನೋವು ಬಂದ್ರೆ ಕಷಾಯ ಕಾಯ್ಸೋಳು ನಾನು. ಯಾವಳಾದ್ರೂ ನಿನ್ ಮ್ಯಾಲೆ ಹಾಕಿದ್ರೆ ಉತ್ರ ಕೊಡೋಳೂ ನಾನೇ. ನೀನು ಬಾಯ್ ಬುಡಮ್ಮ ಸುಮ್ನೆ!"

ಒಲೆಯ ಹೊಗೆಯ ಜೊತೆ ಆ ದನಿ ಹೊರಗೆ ಬಂತು. ಮೊದಲ ಸಾಲಿನಲ್ಲಿ ನಡುಗುತ್ತಿತ್ತು. ಮೂರನೆಯದರಲ್ಲಿ ನಡುಕ ಇರಲಿಲ್ಲ:

ಬೈಯ್ರಮ್ಮ ಬೈಯ್ರಂತ ಬಾಗ್ಲೀಗೆ ಬಂದವ್ಳೆ
ಪಾವಗಡದ ನಮ್ಮ ಬೀಗಿತ್ತಿ — ಇವಳೀಗೆ
ಬೈಗುಳ ಇಲ್ದೆ ಹಸಿವಿಲ್ಲ

ಚಪ್ಪರ ಹಾರಿಹೋಗುವಂತೆ ಜನ ನಕ್ಕರು. ಅತ್ತೆ "ಚಾಲಮ್ಮಾ, ಸಾಕು, ಈಗ ಹೊಟ್ಟೆ ಹಸೀತು" ಅನ್ನುತ್ತಾ ದೊಡ್ಡಮ್ಮನ ಖಾರದ ಕೈಯನ್ನೇ ಹಿಡಿದು ಹೊರಗೆ ಕರೆತಂದು, ನನ್ನ ಹಸೆಯ ಎದುರಿಗೇ ಕೂರಿಸಿ, ತಾವು ಹೋಗಿ ಊಟಕ್ಕೆ ಕೂತರು. ದೊಡ್ಡಮ್ಮ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಮಾತ್ರ ನನ್ನ ಮಾವನ ಹೊಟ್ಟೆಯ ಮೇಲೆ ಹೊಸ ಹಾಡು ಶುರುವಾಗಿತ್ತು.

ಅಮ್ಮನ ಮುಖ ಮಾತ್ರ ಬಿಗಿದೇ ಇತ್ತು. ಆ ವರ್ಷವಿಡೀ ನನಗೆ ಸಣ್ಣ ನೆಗಡಿ ಬಂದರೂ ಅಮ್ಮ ಪಾವಗಡದ ಬಸ್ಸು ಹತ್ತಿ ಬಂದುಬಿಡುತ್ತಿದ್ದಳು. ಬಂದು ದೊಡ್ಡಮ್ಮನ ಸುದ್ದಿ ಎತ್ತುವ ಮೊದಲೇ ಅತ್ತೆ ಕಷಾಯದ ಲೋಟ ಅವಳ ಕೈಗೇ ಕೊಟ್ಟು, "ಕುಡೀರಿ, ನಿಮಗೇ ಬೇಕು ಇದು" ಅನ್ನುತ್ತಿದ್ದರು. ನನಗೆ ಗಟ್ಟಿಮುಟ್ಟಾದ ಹೆಣ್ಣುಮಗು ಹುಟ್ಟಿದ ಮೇಲೆ ಅಮ್ಮ ಆ ಮಾತು ಬಿಟ್ಟಳು. ಬಿಟ್ಟಳು ಅಂದರೆ ಬಾಯಲ್ಲಿ ಬಿಟ್ಟಳು ಅಷ್ಟೆ.

ದೊಡ್ಡಮ್ಮನ ನಿಜವಾದ ಕಾಲ ಶುರುವಾದದ್ದು ಆಮೇಲೆ. ಅತ್ತೆ ಪಾವಗಡದ ಮನೆ ಮನೆಗೂ ತಮ್ಮ ಬೈಗುಳವನ್ನು ಹಾಡಿ ತೋರಿಸಿಕೊಂಡು ಬಂದಿದ್ದರು. ವೀಳ್ಯದ ಮಾತುಕತೆಗೆ ಬಂದ ಗಂಡಿನ ಕಡೆಯವರು ಮೊದಲು ಕೇಳುತ್ತಿದ್ದದ್ದೇ "ಆಯಮ್ಮ ಬತ್ತಾರೆ ತಾನೆ?" ಅಂತ. ಬುಕ್ಕಾಪಟ್ಟಣದಿಂದಲೂ ಗಾಡಿ ಬರುತ್ತಿತ್ತು. ಒಮ್ಮೆ ಯಾರೋ ಕಾಲೇಜಿನವರು ದನಿ ಹಿಡಿಯುವ ಟೇಪಿನ ಪೆಟ್ಟಿಗೆ ಹೊತ್ತುಕೊಂಡು ಬಂದು, "ಹಾಡಿ ತಾಯಿ" ಅಂತ ಮುಂದಿಟ್ಟರು. ದೊಡ್ಡಮ್ಮ ಅದನ್ನು ಸುತ್ತಲೂ ನೋಡಿದಳು. "ಇದ್ನ ಏನಂತ ಬೈಯ್ಲಪ್ಪ? ಮೂತಿ ಇಲ್ಲ, ಹೊಟ್ಟೆ ಇಲ್ಲ, ನಾಚ್ಕೆ ಅಂತೂ ಮೊದ್ಲೇ ಇಲ್ಲ" ಅಂದು ಎಲೆಅಡಿಕೆ ಹಾಕಿಕೊಂಡಳು. ಅವರು ಎಷ್ಟು ಗೋಗರೆದರೂ ಒಂದು ಸಾಲೂ ಹುಟ್ಟಲಿಲ್ಲ. ಅದಕ್ಕೇ ಅವಳ ದನಿ ಈಗ ಎಲ್ಲೂ ಸಿಗುವುದಿಲ್ಲ. ನನಗೆ ಅದರ ಸಂಕಟ ಇವತ್ತಿಗೂ ಇದೆ.

ಅಪ್ಪ ತೀರಿಕೊಂಡ ಮೇಲೆ ನನ್ನ ತಂಗಿಯ ಮದುವೆಯಾಯಿತು. ಧಾರೆಗೆ ಮುಂಚೆ ನೋಡುತ್ತೇನೆ, ಅಮ್ಮ ಕಾಣಿಸಲಿಲ್ಲ. ಯಾರೂ ಹೇಳಿರಲಿಲ್ಲ, ತಾನೇ ಹೋಗಿ ಅಡುಗೆಮನೆಯಲ್ಲಿ ಮುದುರಿಕೊಂಡು ಕೂತಿದ್ದಳು. ಹಾಡುತ್ತಿದ್ದ ದೊಡ್ಡಮ್ಮ ಅರ್ಧ ಸಾಲಿಗೇ ನಿಲ್ಲಿಸಿ ಎದ್ದು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಹಳೆಯದನ್ನೆಲ್ಲ ಇವತ್ತು ಎತ್ತಿ ಆಡುತ್ತಾಳೆ ಅಂತಲೇ ನಾನು ತಿಳಿದಿದ್ದೆ.

"ಎದ್ದೇಳೇ" ಅಂದಳು ದೊಡ್ಡಮ್ಮ.

"ಬ್ಯಾಡ ಅಕ್ಕ. ನಾನೇ ನಿನ್ನ..." ಅಂತ ಅಮ್ಮ ಅಳಲು ಶುರುಮಾಡಿದಳು.

"ಅಳೋದ್ನ ಆಮೇಲೆ ಇಟ್ಕೋ. ಬೀಗ್ರು ಜಾಸ್ತಿ ಜನ ಬಂದವ್ರೆ, ನಂಗೊಬ್ಳಿಗೇ ಬೈದು ಪೂರೈಸಾಕಿಲ್ಲ. ಬಂದು ಸೊಲ್ಲು ಹಿಡಿ."

ತಾನು ಹಾಡಿದ ಸಾಲನ್ನು ಅಮ್ಮ ಹಿಂದಿನಿಂದ ಎತ್ತಿ ಹಾಡಬೇಕು ಅಂತ ಅವಳ ಮಾತು. ಅಮ್ಮನಿಗೆ ರಾಗವೂ ಇಲ್ಲ, ತಾಳವೂ ಇಲ್ಲ. ದೊಡ್ಡಮ್ಮ ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದು ಮಗಳ ಹಸೆಯ ಮುಂದೆ, ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಅಮ್ಮ ಒಡಕು ದನಿಯಲ್ಲಿ ಹಾಡಿದಳು, ಅಳುತ್ತಾ ಹಾಡಿದಳು, ಕೊನೆಗೆ ನಗುತ್ತಾ ಹಾಡಿದಳು.

ಮಾರನೆಯ ವರ್ಷ ಸುಗ್ಗಿ ಮುಗಿಯುತ್ತಿದ್ದ ಹಾಗೆ ದೊಡ್ಡಮ್ಮ ಜ್ವರದಲ್ಲಿ ಹೋದಳು. ಆಮೇಲಿನ ನಮ್ಮ ಮನೆಯ ಎಲ್ಲ ಮದುವೆಯಲ್ಲೂ ಅಮ್ಮ ಬಿಳಿ ಕೂದಲು ಬಾಚಿಕೊಂಡು ಎಲ್ಲರಿಗಿಂತ ಮೊದಲು ಬಂದು ಹಸೆಯ ಮುಂದೆ ಕೂರುತ್ತಿದ್ದಳು. ಒಂದು ಮದುವೆಯಲ್ಲಿ ಯಾರೋ ಹೊಸ ಬೀಗಿತ್ತಿ ಅವಳ ಬರಿಗೊರಳನ್ನು ದುರುಗುಟ್ಟಿ ನೋಡಿದಳು. ಅಮ್ಮ ಜರುಗಲಿಲ್ಲ.

"ಇದು ನಮ್ಮಕ್ಕ ಕೂರ್ಸಿರೋ ಜಾಗ ಕಣಮ್ಮ. ಎಬ್ಬಿಸೋರು ಯಾರಿದ್ದೀರಿ, ಬನ್ನಿ ನೋಡಾನ."